ಜರ್ಮನಿಯ ವಾಡೆ ತೋರಿಸಿದ ಅಕ್ಕೋರು

ಯಾವ ಜಾಗ ನೋಡಲು ಹೋಗುವುದಿದ್ದರೂ ಅಕ್ಕೋರು ಮೊದಲು ವಿಚಾರಿಸುತ್ತಿದ್ದದ್ದು ಅಲ್ಲಿ ಕೂರುವುದಕ್ಕೆ ಎಲ್ಲಿ ಅನುಕೂಲವಿದೆ ಎಂದು. ಆಮೇಲೆ ಟಾಯ್ಲೆಟ್, ಆಮೇಲೆ ಕುಡಿಯುವ ನೀರು. ಇತಿಹಾಸದ ಸರದಿ ಕೊನೆಗೆ. "ರಾಜಾ ಎಲ್ಲೆ ಮಲಗತಿದ್ದಾ ಅನ್ನೂದು ಆಮ್ಯಾಲೆ. ನಾವು ಎಲ್ಲೆ ಕೂಡೂದು, ಅದನ್ನ ಮೊದಲ ಕೇಳ್ರಿ" ಎನ್ನುತ್ತಿದ್ದರು. ನಮ್ಮ ಹಿರಿಯರ ಬಳಗದಲ್ಲಿ ಮಂಡಿ ನೋವಿಲ್ಲದವರು ಕಡಿಮೆ. ಹಾಗಾಗಿ ಆ ಮಾತಿಗೆ ಯಾರೂ ನಗುತ್ತಿರಲಿಲ್ಲ, ತಲೆಯಾಡಿಸುತ್ತಿದ್ದರು.

ಅವರು ಹೋಗಿ ಕೆಲವು ತಿಂಗಳಾದವು. ಹೆಸರು ಬರೆಯುವುದಿಲ್ಲ, ಮಕ್ಕಳು ಇಲ್ಲೇ ಟೆಕ್ಸಸ್‌ನಲ್ಲಿದ್ದಾರೆ. ನಮಗೆಲ್ಲ ಅವರು ಅಕ್ಕೋರು. ಧಾರವಾಡದ ಕಡೆ ಶಾಲೆಯ ಟೀಚರಮ್ಮನನ್ನು ಹಾಗೆ ಕರೆಯುತ್ತಾರೆ. ಮದುವೆಗೆ ಮುಂಚೆ ಸ್ವಲ್ಪ ಕಾಲ ಅವರು ಅಲ್ಲಿ ಪಾಠ ಹೇಳಿದ್ದರು. ಗಂಡನಿಗೆ ಆಸ್ಟಿನ್‌ನಲ್ಲಿ ಚಿಪ್ ತಯಾರಿಸುವ ಕಂಪನಿಯಲ್ಲಿ ಕೆಲಸ. ಆಸ್ಟಿನ್‌ನಲ್ಲಿದ್ದಷ್ಟು ವರ್ಷ ಭಾನುವಾರದ ಕನ್ನಡ ತರಗತಿ ನಡೆಸಿದರು. ಅಲ್ಲಿಯ ತಂದೆತಾಯಂದಿರು ಶುರುಮಾಡಿದ ಹೆಸರು ಅವರ ಜೊತೆ ಡಾಲಸ್‌ಗೂ ಬಂತು.

ಆಸ್ಟಿನ್‌ಗೆ ಯಾರ ಅಪ್ಪ ಅಮ್ಮ ಊರಿಂದ ಬಂದರೂ ಅವರನ್ನು ಅಲ್ಲಿಯ ವಿಧಾನಸೌಧವಾದ ಕ್ಯಾಪಿಟಲ್ ಕಟ್ಟಡಕ್ಕೆ ಕರೆದುಕೊಂಡು ಹೋಗುವುದು ಅಕ್ಕೋರ ಕೆಲಸವಾಗಿತ್ತಂತೆ. ಅಲ್ಲಿಯ ಗೈಡುಗಳು ಹೇಳಿದ್ದನ್ನೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡು ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು. ಗೈಡುಗಳಿಂದ ಇನ್ನೊಂದು ಅಭ್ಯಾಸವನ್ನೂ ಕಲಿತಿದ್ದರು. ಜನರಿಗೆ ಮುಖ ಕೊಟ್ಟು ಹಿಂದುಹಿಂದಕ್ಕೆ ನಡೆಯುವುದು. ಮಾತಾಡುತ್ತಲೇ ಒಂದು ಕೈಯನ್ನು ಬೆನ್ನ ಹಿಂದೆ ಚಾಚಿರುತ್ತಿದ್ದರು, ಗೋಡೆಯೋ ಮೇಜೋ ಸಿಕ್ಕರೆ ಬೆರಳಿಗೆ ತಿಳಿಯಲಿ ಎಂದು. ಮನೆಯಲ್ಲಿ ಅಡುಗೆಮನೆ ತೋರಿಸುವಾಗಲೂ ಹಾಗೇ ನಡೆಯುತ್ತಿದ್ದರು. ಎಲ್ಲಿಯೂ ಎಡವಿದ್ದನ್ನು ನಾನು ನೋಡಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಕ್ಯಾರಲ್ಟನ್ನಿನ ಇಂಡಿಯನ್ ಗ್ರೋಸರಿಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನನ್ನು ಅಣ್ಣ ಈ ದೇಶಕ್ಕೆ ಕರೆಸಿಕೊಂಡಿದ್ದ. ಹ್ಯೂಸ್ಟನ್‌ನಲ್ಲಿ ಅವನ ಗ್ಯಾಸ್ ಸ್ಟೇಷನ್ನಿನಲ್ಲಿ ಬಹಳ ವರ್ಷ ಕೌಂಟರಿನ ಹಿಂದೆ ನಿಂತಿದ್ದೆ. ಅವನು ತೀರಿಕೊಂಡ ಮೇಲೆ ಡಾಲಸ್ ಕಡೆ ಬಂದು ಆ ಅಂಗಡಿ ಸೇರಿದೆ. ಒಂದು ದಿನ ಇಳಕಲ್ ಸೀರೆ, ಬಿಳೀ ಸ್ನೀಕರ್ ಹಾಕಿಕೊಂಡ ಹೆಂಗಸೊಬ್ಬರು ಜೋಳದ ಹಿಟ್ಟಿನ ಚೀಲ ಹಿಡಿದು ನನ್ನ ಮುಂದೆ ನಿಂತರು. ಹಿಟ್ಟು ಯಾವಾಗ ಬಂತು ಎಂದು ಕೇಳಿದರು. ಹೋದ ವಾರ ಎಂದೆ. ಚೀಲದ ಮೂಲೆಯಲ್ಲಿ ಸೋರಿದ್ದ ಹಿಟ್ಟನ್ನು ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, ಇದು ಕಹಿ ಹತ್ತಿದೆ, ರೊಟ್ಟಿ ಬಡಿದರೆ ಒಡೆಯುತ್ತದೆ, ಹೋದ ವಾರ ಬಂದದ್ದು ಇದಲ್ಲ, ಇದರ ಅಜ್ಜಿ ಇರಬೇಕು ಎಂದರು. ಆಮೇಲೆ ನನ್ನ ಮಾತು ಕೇಳಿ ಯಾವ ಊರು ಎಂದು ವಿಚಾರಿಸಿದರು. ಹಾಸನದ ಕಡೆ ಎಂದೆ. "ಹಂಗಾರ ನಿಮಗ ರೊಟ್ಟಿ ಹಿಟ್ಟಿನ ಸುದ್ದಿ ಗೊತ್ತಿರೂದಿಲ್ಲ ಬಿಡ್ರಿ, ಅಣ್ಣಾರ. ತಪ್ಪಲ್ಲ." ಅವತ್ತಿನಿಂದ ನಾನು ಅಣ್ಣಾರು.

ಆಗ ಅವರ ಗಂಡ ತೀರಿಕೊಂಡಿದ್ದರು. ಡಾಲಸ್ ಪಕ್ಕದ ರಿಚರ್ಡ್‌ಸನ್ನಿನಲ್ಲಿ ಮಗಳ ಮನೆಯಲ್ಲಿದ್ದರು. ಅವರದೇ ಒಂದು ಹಳೆಯ ಕಾರಿತ್ತು. ಶನಿವಾರ ಅದರಲ್ಲಿ ಯಾರಾದರೂ ವಿದ್ಯಾರ್ಥಿಗಳನ್ನು ತುಂಬಿಕೊಂಡು ನಮ್ಮ ಅಂಗಡಿಗೆ ಬರುತ್ತಿದ್ದರು. ಅವರ ಊರಿನಲ್ಲಿ ಯೂನಿವರ್ಸಿಟಿಯ ಹುಡುಗ ಹುಡುಗಿಯರು ಅಪಾರ್ಟ್‌ಮೆಂಟ್ ಹಂಚಿಕೊಂಡು ಇರುತ್ತಾರೆ. ಅಕ್ಕಿ ಮೂಟೆ ಹೊತ್ತು ರೈಲು ಹತ್ತುವುದು ಅವರಿಗೆ ಕಷ್ಟ. ಹಿಂದಿನ ಸೀಟಿನಲ್ಲಿ ಕಲಬುರ್ಗಿಯ ಒಬ್ಬ, ಮಂಗಳೂರಿನ ಒಬ್ಬಳು, ಮೈಸೂರಿನ ಇನ್ನೊಬ್ಬ. ದಾರಿಯುದ್ದಕ್ಕೂ ಅಕ್ಕೋರು ಅವರಿಗೆ ಡಾಲಸ್ ತೋರಿಸುತ್ತಿದ್ದರಂತೆ. ಪಾಪ, ಆ ಕಾರಿನಲ್ಲಿ ಮಾತ್ರ ಅವರು ಮುಂದಕ್ಕೆ ಮುಖ ಮಾಡಿರಬೇಕಾಗುತ್ತಿತ್ತು.

ನಾನು ಕೆಲಸ ಬಿಟ್ಟ ಮೇಲೆ ಹೆಂಡತಿಯ ಜೊತೆ ಹಿರಿಯರ ಬಳಗಕ್ಕೆ ಸೇರಿದೆ. ಬುಧವಾರ ಲೈಬ್ರರಿಯ ಒಂದು ಕೋಣೆಯಲ್ಲಿ ಸೇರುತ್ತೇವೆ. ಹೆಚ್ಚಿನವರು ಇಂಜಿನಿಯರುಗಳು, ಬ್ಯಾಂಕಿನಲ್ಲಿದ್ದವರು. ಅಲ್ಲಿ ನನ್ನ ಮಾತಿಗೆ ಅಷ್ಟು ತೂಕವಿರಲಿಲ್ಲ. ಯಾರೋ ಹಗುರವಾಗಿ ಕಂಡರು ಎಂದಲ್ಲ, ನಾನೇ ಮಾತಾಡುತ್ತಿರಲಿಲ್ಲ. ಪ್ರವಾಸ ಹೊರಟಾಗ ಅಕ್ಕೋರು ನನಗೊಂದು ಕೆಲಸ ಕೊಟ್ಟರು. ಅವರು ಮುಂದೆ, ನಾನು ಎಲ್ಲರಿಗಿಂತ ಹಿಂದೆ. ಹಿಂದೆ ಉಳಿದವರನ್ನು ಸೇರಿಸಿಕೊಂಡು ಬರುವುದು ನನ್ನ ಪಾಲು. ಅದಕ್ಕೆ ಅವರಿಟ್ಟ ಹೆಸರು ಬಾಲ. ಬೇಜಾರಾದೀತೆಂದು ಸಮಾಧಾನವನ್ನೂ ಹೇಳಿದ್ದರು. ಮುಂದಿರುವವರಿಗೆ ಹಾದಿ ಮಾತ್ರ ಕಾಣುತ್ತದೆ, ಹಿಂದಿರುವವರಿಗೆ ಮಂದಿ ಎಲ್ಲ ಕಾಣುತ್ತಾರೆ ಎಂದು.

ಜರ್ಮನಿಯ ವಾಡೆಯ ಮಾತು ಬಂದದ್ದು ಹೀಗೆ. ಬಳಗದವರೆಲ್ಲ ಸೇರಿ ಒಂದು ಯುರೋಪ್ ಪ್ಯಾಕೇಜ್ ಗೊತ್ತು ಮಾಡಿದೆವು. ಅದರಲ್ಲಿ ಒಂದು ದಿನ ಕಾಡಿನ ನಡುವೆ, ಬಂಡೆಯ ಮೇಲೆ ಕಟ್ಟಿದ ಹಳೇ ಕ್ಯಾಸಲ್. ಅದರ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹತ್ತಿಲ್ಲ. ಅಕ್ಕೋರು ಅದನ್ನು ವಾಡೆ ಎಂದೇ ಕರೆದರು. ಅವರ ಕಡೆ ದೇಸಾಯರ ದೊಡ್ಡ ಮನೆಗಳಿಗೆ ಹೇಳುವ ಹೆಸರು. ಪ್ಯಾಕೇಜಿನಲ್ಲಿ ಅದನ್ನು ಹೊರಗಿನಿಂದ ತೋರಿಸುತ್ತೇವೆ ಎಂದಿತ್ತು. ಬಳಗದ ಅಧ್ಯಕ್ಷರು ಅದನ್ನು ಓದಿ ಮುಂದಕ್ಕೆ ಹೋಗುವಾಗ ಅಕ್ಕೋರು ತಡೆದರು.

"ಮಂದಿ ಮನೀ ಬಾಗಲದಾಗ ನಿಂತು, ಗ್ವಾಡಿ ನೋಡಿ ಬರಲಿಕ್ಕೆ ಅಷ್ಟು ದೂರ ಯಾಕ ಹೋಗಬೇಕ್ರೀ? ಆ ದಿನಾ ನನಗ ಬಿಡ್ರಿ. ಒಳಗ ಕರಕೊಂಡು ಹೋಗತೀನಿ."

ಅದಕ್ಕೊಂದು ಕಾರಣವಿತ್ತು. ನನ್ನ ಹೆಂಡತಿಗೆ ಒಮ್ಮೆ ಹೇಳಿದ್ದರು, ಮತ್ತೆಂದೂ ಎತ್ತಲಿಲ್ಲ. ಗಂಡನ ಆಫೀಸು ಕೆಲಸದ ಮೇಲೆ ಜರ್ಮನಿಗೆ ಹೋದಾಗ ಇಬ್ಬರೂ ಆ ವಾಡೆಗೆ ಹೋಗಿದ್ದರು. ತಲುಪುವಷ್ಟರಲ್ಲಿ ಬಾಗಿಲು ಹಾಕುತ್ತಿದ್ದರು. ಗಂಡ, ಇನ್ನೊಮ್ಮೆ ಬರೋಣ ಎಂದರು. ಹೊರಗಿನ ಸೇತುವೆಯ ಮೇಲೆ ನಿಂತು ಇಬ್ಬರೂ ಅವಲಕ್ಕಿ ತಿಂದು ವಾಪಸಾದರು.

ನಮ್ಮ ಪ್ಯಾಕೇಜ್ ಗೊತ್ತಾದ ಮೇಲೆ ಅಕ್ಕೋರು ಬೆಳಗ್ಗೆ ಎದ್ದು ಕಾಫಿಗೆ ಮೊದಲು ಜರ್ಮನಿಗೆ ಫೋನ್ ಮಾಡಲು ಶುರುಮಾಡಿದರು. ವಾಡೆಯ ಆಫೀಸಿನಲ್ಲಿ ಒಬ್ಬಳು ಹುಡುಗಿ ಫೋನ್ ಎತ್ತುತ್ತಿದ್ದಳು. ಒಳಗೆ ಕೂರಲು ಬೆಂಚುಗಳಿವೆಯೇ, ಮೆಟ್ಟಿಲಿಗೆ ಹಿಡಿದುಕೊಳ್ಳಲು ಹಗ್ಗವಿದೆಯೇ ಕಂಬಿಯಿದೆಯೇ, ಟಾಯ್ಲೆಟ್ ಟಿಕೆಟ್ ಕೊಡುವ ಜಾಗದಲ್ಲೋ ಒಳಗೋ, ಎಲ್ಲವನ್ನೂ ಅವಳಿಂದ ತಿಳಿದುಕೊಂಡರು. ಇಂಗ್ಲಿಷಿನಲ್ಲಿ ತೋರಿಸುವ ಗೈಡು ನಮ್ಮ ಗುಂಪಿಗೆ ಸಿಕ್ಕದ್ದು ಶುಕ್ರವಾರ ಹತ್ತೂವರೆಗೆ. ಅದಕ್ಕೆ ತಕರಾರು ತೆಗೆದದ್ದು ನನ್ನ ಹೆಂಡತಿ. ಶುಕ್ರವಾರ ಹತ್ತೂವರೆಯಿಂದ ರಾಹುಕಾಲ. ಹೊಸ ಮನೆಗೆ ಕಾಲಿಡುವ ಹೊತ್ತಾ ಅದು ಎಂದಳು. ಇಬ್ಬರು ಮೂವರು ಹೂಂಗುಟ್ಟಿದರು. ಅಧ್ಯಕ್ಷರು, ರಾಹುಕಾಲ ಅಲ್ಲಿಯ ಸೂರ್ಯೋದಯದ ಲೆಕ್ಕದಲ್ಲಿ ಬರುತ್ತದೆ, ನಮ್ಮ ಕ್ಯಾಲೆಂಡರಿನದಲ್ಲ ಎಂದು ವಿವರಿಸಿದರು.

"ಅಲ್ಲೆ ಬ್ಯಾಸಗಿಯೊಳಗ ಹೊತ್ತು ಮುಳುಗೂದ ರಾತ್ರಿ ಒಂಬತ್ತರ ಮ್ಯಾಲೆ. ಅಷ್ಟು ಉದ್ದ ಹಗಲಿಗೆ ನಿಮ್ಮ ರಾಹು ಎಷ್ಟೊತ್ತು ಕೂಡತಾನ, ತಂಗೀ?" ಎಂದರು ಅಕ್ಕೋರು. ಎಲ್ಲರೂ ನಕ್ಕರು, ನನ್ನ ಹೆಂಡತಿಯೂ ನಕ್ಕಳು. ಆದರೆ ಮಾರನೆಯ ದಿನ ಅಕ್ಕೋರು ಜರ್ಮನಿಗೆ ಫೋನ್ ಮಾಡಿ, ನಮ್ಮವರಿಗೆ ಆ ಹೊತ್ತಿನಲ್ಲಿ ದೇವರ ಕೆಲಸವಿದೆ ಎಂದು ಹೇಳಿ ಮಧ್ಯಾಹ್ನಕ್ಕೆ ಬದಲಾಯಿಸಿಕೊಂಡರು. ತಮಗೆ ನಂಬಿಕೆಯಿಲ್ಲದ್ದನ್ನೂ ಇನ್ನೊಬ್ಬರಿಗಾಗಿ ಇಷ್ಟು ತಕರಾರಿಲ್ಲದೆ ಮಾಡಿದವರನ್ನು ನಾನು ಹೆಚ್ಚು ಕಂಡಿಲ್ಲ.

ಅವರು ಮಾಡಿಸಿದ ತಾಲೀಮನ್ನು ಬಳಗದವರು ಇವತ್ತಿಗೂ ನೆನೆಯುತ್ತಾರೆ. ಡಾಲಸ್‌ನ ಉತ್ತರಕ್ಕೆ ದೊಡ್ಡದೊಂದು ಫರ್ನಿಚರ್ ಅಂಗಡಿಯಿದೆ. ಒಳಗೆ ಹೊಕ್ಕರೆ ಮಲಗುವ ಕೋಣೆ, ಊಟದ ಕೋಣೆ, ಓದುವ ಕೋಣೆ ಎಂದು ಒಂದರ ಪಕ್ಕ ಒಂದು ಜೋಡಿಸಿಟ್ಟಿರುತ್ತಾರೆ. ನೋಡಲು ದುಡ್ಡು ಕೊಡಬೇಕಾಗಿಲ್ಲ. ಏಸಿ ಇದೆ, ಟಾಯ್ಲೆಟ್ ಇದೆ, ಕೂರಲು ಎಲ್ಲೆಲ್ಲೂ ಸೋಫಾ. ಕ್ಯಾಸಲ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಎಂದು ಅಕ್ಕೋರು ನಮ್ಮೆಲ್ಲರನ್ನು ಅಲ್ಲಿಗೆ ಕರೆದೊಯ್ದರು.

ಗೈಡು ಗಡಿಬಿಡಿಯಲ್ಲಿ ಹೇಳುವ ಇಂಗ್ಲಿಷ್ ನಮ್ಮ ಹೆಂಗಸರಿಗೆ ತಿಳಿಯದು, ಆದ್ದರಿಂದ ಕಥೆಯೆಲ್ಲ ಮೊದಲೇ ಕನ್ನಡದಲ್ಲಿ ಗೊತ್ತಿರಬೇಕು ಎಂಬುದು ಅವರ ಲೆಕ್ಕ. ದೊಡ್ಡ ಊಟದ ಮೇಜಿದ್ದ ಕಡೆ ನಿಂತು, ಇದು ಸರದಾರರ ಪಡಸಾಲೆ ಎಂದರು. ಯಾರ ಮಂಚವೋ ರಾಜನ ಮಂಚವಾಯಿತು. ಹಳೇ ಸೀರೆಯ ಅಂಚೊಂದನ್ನು ಕತ್ತರಿಸಿ ತಂದಿದ್ದರು. ವಾಡೆಯೊಳಗೆ ಕಟ್ಟುವ ತಡೆಹಗ್ಗದ ಹಾಗೆ ಇಬ್ಬರು ಅದನ್ನು ಅತ್ತಿತ್ತ ಹಿಡಿದು ನಿಲ್ಲಬೇಕು, ಉಳಿದವರು ಅದರ ಈಚೆಯಿಂದ ನೋಡಬೇಕು. ನಮ್ಮವರಿಗೆ ಕೈ ಸುಮ್ಮನಿರುವುದಿಲ್ಲ. ಮಂಚ ಮುಟ್ಟಿದವರಿಗೆ ಅಕ್ಕೋರು ಜರ್ಮನ್ ಗೈಡಿನ ಮುಖ ಮಾಡಿ ಗದರಿದರು. ಓದುವ ಕೋಣೆಯನ್ನು ದೇವರ ಖೋಲಿ ಮಾಡಿ, ಅದರ ಮುಂದೆ ನಿಂತು, ಇಲ್ಲಿ ಮಾತ್ರ ಚಪ್ಪಲಿ ಬಿಡಬೇಡಿ, ಅವರ ದೇವರಿಗೆ ಅದು ನಡೆಯುತ್ತದೆ ಎಂದರು. ಅಂಗಡಿಯ ಸೇಲ್ಸ್‌ಮನ್ ಹಿಂದೆಯೇ ಸುತ್ತುತ್ತಿದ್ದ. ಕೊನೆಗೆ ಅವನೂ ಸೀರೆಯ ಅಂಚಿನ ಈಚೆ ಬಂದು ನಿಂತ.

ಆ ದಿನವೇ ನಾನು ತಪ್ಪು ತಿಳಿದುಕೊಂಡದ್ದು. ಪಡಸಾಲೆಯಿಂದ ದೇವರ ಖೋಲಿ, ಅಲ್ಲಿಂದ ಮಲಗುವ ಖೋಲಿಗಳು, ಅಲ್ಲಿಂದ ಕೆಳಗೆ ಅಡುಗೆಮನೆ. ಅಡುಗೆಮನೆ ಮುಗಿಯಿತು. ಅಲ್ಲಿಗೆ ಹೊರಗೆ ಬರಬೇಕು. ಅಕ್ಕೋರು ಹಿಂದುಹಿಂದಕ್ಕೆ ನಡೆಯುತ್ತ ನಮ್ಮನ್ನು ಮತ್ತೆ ಅದೇ ಊಟದ ಮೇಜಿನ ಹತ್ತಿರ ತಂದು, ಇದು ಸರದಾರರ ಪಡಸಾಲೆ ಎಂದರು. ಇದನ್ನು ಆಗಲೇ ನೋಡಿದೆವಲ್ಲ ಎಂದು ಯಾರೋ ನೆನಪಿಸಿದರು. "ನೋಡೀವಿ, ಮತ್ತ ನೋಡತೀವಿ. ಹಾದಿ ಹಂಗ ಅದ" ಎಂದು ಅಕ್ಕೋರು ನಕ್ಕರು.

ಆ ನಗು ನನಗೆ ಗೊತ್ತಿದ್ದ ನಗು. ನನ್ನ ಅಣ್ಣ ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಮರೆಯುತ್ತಿದ್ದ. ಗಿರಾಕಿಗೆ ಎರಡು ಸಲ ಚಿಲ್ಲರೆ ಕೊಟ್ಟು, ಸಿಕ್ಕಿಬಿದ್ದಾಗ ತಮಾಷೆ ಮಾಡಿ ಹಾಗೆಯೇ ನಗುತ್ತಿದ್ದ. ನಾವು ಅದನ್ನು ಬಹಳ ದಿನ ತಮಾಷೆಯೆಂದೇ ತಿಳಿದಿದ್ದೆವು. ಅಂಗಡಿಯಿಂದ ಹೊರಗೆ ಬಂದ ಮೇಲೆ ಅಕ್ಕೋರಿಗೆ ತಮ್ಮ ಕಾರು ಸಿಗಲಿಲ್ಲ. ಆ ಪಾರ್ಕಿಂಗ್ ಲಾಟಿನಲ್ಲಿ ಯಾರಿಗೆ ತಾನೇ ಕೂಡಲೇ ಸಿಗುತ್ತದೆ, ನಾನೂ ನನ್ನದನ್ನು ಹುಡುಕಿದೆ. ಆದರೆ ನನ್ನ ತಲೆಯಲ್ಲಿ ಎರಡೂ ಸೇರಿಕೊಂಡವು. ಮನೆಗೆ ಬಂದು ಮೊಮ್ಮಗನ ಟ್ಯಾಬ್‌ನಲ್ಲಿ ವಾಡೆಯ ವೆಬ್‌ಸೈಟ್ ತೆಗೆಸಿ ನೋಡಿದೆ. ನಕ್ಷೆಯಲ್ಲಿ ಬಾಣದ ಗುರುತು ಅಡುಗೆಮನೆಯಿಂದ ಹಿಂದಿನ ಮೆಟ್ಟಿಲಿಗೆ, ಅಲ್ಲಿಂದ ಅಂಗಳಕ್ಕೆ ಹೋಗುತ್ತಿತ್ತು. ಪಡಸಾಲೆಗೆ ಮರಳಿ ಬರುತ್ತಿರಲಿಲ್ಲ.

ಅಧ್ಯಕ್ಷರಿಗೆ ಫೋನ್ ಮಾಡಿ ಹೇಳಿದೆ. ಒಳ್ಳೆಯದಕ್ಕೇ ಹೇಳಿದೆ. ಆದರೆ ಅಣ್ಣನ ವಿಷಯ, ನಕ್ಷೆಯ ವಿಷಯ, ಕಾರಿನ ವಿಷಯ ಒಂದೊಂದಾಗಿ ಹೇಳುವಾಗ ಅವರು ಆ ಕಡೆ ಮೌನವಾಗಿ ಕೇಳುತ್ತಿದ್ದರು. ಅಷ್ಟು ಹೊತ್ತು ಅವರು ನನ್ನ ಮಾತು ಕೇಳಿದ್ದು ಅದೇ ಮೊದಲು. ನನಗೆ ಅದು ಹಿತವಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಅಧ್ಯಕ್ಷರು ಅಕ್ಕೋರ ಮಗಳಿಗೆ ಹೇಳಿದರು. ಮಗಳು ಹೆದರಿದಳು. ಪರದೇಶದಲ್ಲಿ ಕಾಡಿನ ನಡುವೆ ಅಮ್ಮ ಗುಂಪು ಬಿಟ್ಟು ಹೋದರೆ ಏನು ಗತಿ ಎಂದಳು. ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನಲ್ಲಿದ್ದ ಮಗನೂ ಬೇಡ ಎಂದ. ಅಕ್ಕೋರನ್ನು ಕೂರಿಸಿಕೊಂಡು ಮಾತಾಡುವಾಗ ಅಧ್ಯಕ್ಷರು ನನ್ನನ್ನೂ ಕರೆದರು. ನಕ್ಷೆಯನ್ನು ಮುಂದಿಟ್ಟರು. ಹಿಂದಿನ ಮೆಟ್ಟಿಲು ರಿಪೇರಿಯಲ್ಲಿದೆ, ಈಗ ಬಂದ ದಾರಿಯಲ್ಲೇ ಪಡಸಾಲೆಯ ಮೂಲಕ ಹೊರಗೆ ಬಿಡುತ್ತಾರೆ ಎಂದು ಫೋನಿನ ಹುಡುಗಿ ಹೇಳಿದ್ದಾಳೆ, ಬೇಕಾದರೆ ನೀವೇ ಕೇಳಿ ಎಂದರು ಅಕ್ಕೋರು. ಯಾರೂ ಕೇಳಲಿಲ್ಲ. ಆ ಹೊತ್ತಿಗೆ ಎಲ್ಲರೂ ಅವರ ಮಾತನ್ನು ಬಿಟ್ಟು ಅವರ ಮುಖವನ್ನು ನೋಡಲು ಶುರುಮಾಡಿದ್ದರು. ಅವರು ನನ್ನ ಕಡೆ ತಿರುಗಿ, "ಅಣ್ಣಾರ, ನಿಮಗೂ ಹಂಗ ಅನಸತದೇನು?" ಎಂದರು. ನಾನು, ಆರೋಗ್ಯ ಮೊದಲು ಅಕ್ಕೋರೆ ಎಂದೆ.

ಅವರು ಜಗಳ ಮಾಡಲಿಲ್ಲ, ಪ್ರವಾಸದಿಂದ ತಮ್ಮ ಹೆಸರು ತೆಗೆಸಿದರು. ನಾವು ಹೊರಡುವ ಹಿಂದಿನ ವಾರ ಮಗ ಬಂದು ಅವರನ್ನು ವುಡ್‌ಲ್ಯಾಂಡ್ಸ್‌ಗೆ ಕರೆದುಕೊಂಡು ಹೋದ. ಅವನಿಗೆ ಮನೆಯಿಂದಲೇ ಕೆಲಸ, ಹಗಲು ಜೊತೆಗಿರಬಹುದು ಎಂದು. ಕಾರು ರಿಚರ್ಡ್‌ಸನ್ನಿನಲ್ಲಿ ಮಗಳ ಮನೆಯ ಮುಂದೆಯೇ ಉಳಿಯಿತು.

ವಾಡೆಗೆ ಹೋದೆವು. ಗೈಡು ಎತ್ತರದ ಹುಡುಗ. ಅವನು ಬಾಯಿ ಬಿಡುವ ಮೊದಲೇ ನಮ್ಮ ಹೆಂಗಸರು ಆ ಕಿಟಕಿ ಯಾಕೆ ಸಣ್ಣದು, ಆ ಮಂಚ ಯಾಕೆ ಗಿಡ್ಡದು ಎಂದು ಕನ್ನಡದಲ್ಲಿ ಪರಸ್ಪರ ಹೇಳಿಕೊಳ್ಳುತ್ತಿದ್ದರು. ಯಾರೂ ಏನನ್ನೂ ಮುಟ್ಟಲಿಲ್ಲ. ಬೆಂಚು ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಫೋಟೋ ತೆಗೆಯಲು ಒಳಗೆ ಬಿಡುವುದಿಲ್ಲ. ನಾನು ಎಂದಿನಂತೆ ಬಾಲ.

ಪಡಸಾಲೆಯ ಪಕ್ಕದ ದೇವರ ಖೋಲಿಯ ಬಾಗಿಲಲ್ಲಿ ನನ್ನ ಹೆಂಡತಿ ಶೂ ಬಿಟ್ಟಳು. ಬೇಡವೆಂದು ಅಕ್ಕೋರು ಹೇಳಿದ್ದು ಅವಳಿಗೆ ನೆನಪಿತ್ತು, ಆದರೆ ದೀಪ ಕಂಡ ಮೇಲೆ ಕಾಲು ಕೇಳಲಿಲ್ಲವಂತೆ. ಕೈಮುಗಿದು ತಿರುಗುವಷ್ಟರಲ್ಲಿ ಗೈಡು ಇನ್ನೊಂದು ಬಾಗಿಲಿನಿಂದ ಎಲ್ಲರನ್ನೂ ಮೇಲಕ್ಕೆ ಕರೆದೊಯ್ದಿದ್ದ. ಹಿಂದೆ ಬರುತ್ತಿದ್ದ ಇನ್ನೊಂದು ಗುಂಪು ಆಗಲೇ ಈ ಬಾಗಿಲನ್ನು ತುಂಬಿಕೊಂಡಿತ್ತು. ಅವಳು ಯಾರಿಗೂ ಹೇಳಬೇಡಿ ಎಂದು ನನ್ನ ತೋಳು ಹಿಡಿದಳು. ಚೂಡಿದಾರವನ್ನು ಸ್ವಲ್ಪ ಕೆಳಗೆಳೆದುಕೊಂಡು ಬರೀ ಕಾಲುಚೀಲದಲ್ಲಿ ರಾಜನ ಮಲಗುವ ಖೋಲಿಯನ್ನೂ ಅಡುಗೆಮನೆಯನ್ನೂ ನೋಡಿದಳು. ಅಡುಗೆಮನೆಯ ಕಲ್ಲು ಬಹಳ ತಣ್ಣಗಿತ್ತು. ಇನ್ನು ಅಂಗಳಕ್ಕೆ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂದು ಅವಳಿಗೆ ಅಳುವೇ ಬಂದಿತ್ತು.

ಅಡುಗೆಮನೆಯ ಹಿಂದಿನ ಮೆಟ್ಟಿಲಿಗೆ ಹಲಗೆ ಹೊಡೆದಿದ್ದರು. ಗೈಡು ಅದರ ಮುಂದೆ ನಿಂತು ಏನೋ ಹೇಳಿ, ಬಂದ ಕಡೆಗೇ ತಿರುಗಿದ. ಸಣ್ಣ ಓಣಿಯಂಥ ದಾರಿ ದಾಟಿ ನಾವು ಮತ್ತೆ ಸರದಾರರ ಪಡಸಾಲೆಗೆ ಬಂದೆವು. ಅವನು ಅಲ್ಲಿ ನಿಲ್ಲಲಿಲ್ಲ. ಮುಂದಿನವರು ಸುಸ್ತಾಗಿದ್ದರು, ಕಾಫಿ ಎಲ್ಲಿ ಸಿಗುತ್ತದೆ ಎಂದು ಮಾತಾಡುತ್ತ ನೇರವಾಗಿ ದಾಟಿಹೋದರು. ದೇವರ ಖೋಲಿಯ ಬಾಗಿಲಲ್ಲಿ ನನ್ನ ಹೆಂಡತಿಯ ಶೂ ಬಿಟ್ಟ ಹಾಗೇ ಇದ್ದವು.

ಅವಳು ಬಗ್ಗಿ ಲೇಸು ಕಟ್ಟಿಕೊಂಡಳು. ಎದ್ದು ನಿಂತು ಸುತ್ತ ನೋಡಿದಳು.

"ಅಕ್ಕೋರು ಹೇಳಿದ್ದು ಸರಿಯಾಗೇ ಇತ್ತಲ್ಲ ರೀ."

ನಾನು ಹೂಂ ಎಂದೆ.

"ಅವರಿಗೆ ಹೇಳ್ಬಿಡಿ. ಶೂ ವಿಷಯ ಬೇರೆ ಯಾರಿಗೂ ಬೇಡ, ಅವರಿಗೆ ಮಾತ್ರ ಹೇಳಿ. ನಗ್ತಾರೆ."

ಡಾಲಸ್‌ಗೆ ಬಂದ ಮೇಲೆ ಮೊದಲ ಭಾನುವಾರ ಇಬ್ಬರೂ ವುಡ್‌ಲ್ಯಾಂಡ್ಸ್‌ಗೆ ಹೋದೆವು. ಹ್ಯೂಸ್ಟನ್ನಿನ ಆ ದಾರಿ ನನಗೆ ಹೊಸದಲ್ಲ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ತಪ್ಪು ನನ್ನದು, ಮನೆಯವರೆಲ್ಲರ ಮುಂದೆ ಹೇಳುತ್ತೇನೆ ಎಂದುಕೊಂಡಿದ್ದೆ.

ಬಾಗಿಲು ತೆಗೆದದ್ದು ಮಗ. ದೊಡ್ಡ ಕೆಲಸದಲ್ಲಿರುವವನು, ಬಹಳ ಮರ್ಯಾದಸ್ಥ. ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದ. ನೀವು ಸರಿಯಾದ ಹೊತ್ತಿಗೆ ಹೇಳಿದಿರಿ ಅಂಕಲ್, ನಾವು ಮಕ್ಕಳಾಗಿ ಗಮನಿಸಿರಲಿಲ್ಲ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದ. ಹಾಗೆ ಯಾರೂ ನನಗೆ ಕೈಮುಗಿದವರಿಲ್ಲ. ನನ್ನ ಹೆಂಡತಿ ಅಕ್ಕೋರ ಸೊಸೆಯ ಜೊತೆ ಅಡುಗೆಮನೆಗೆ ಹೋದಳು. ಅಕ್ಕೋರು ಸೋಫಾದ ತುದಿಯಲ್ಲಿ ಕೂತಿದ್ದರು. ಸೀರೆ ಅದೇ, ಕಾಲಲ್ಲಿ ಮನೆಯ ಚಪ್ಪಲಿ. ಪ್ರಯಾಣ ಹೇಗಾಯಿತು, ಯಾರ ಮಂಡಿ ಹೇಗಿತ್ತು, ಎಲ್ಲ ಕೇಳಿದರು. ಬೆಂಚು ಹೇಳಿದಲ್ಲೇ ಇತ್ತು ಎಂದಾಗ ತಲೆಯಾಡಿಸಿದರು. ಆಮೇಲೆ ಸ್ವಲ್ಪ ಮುಂದಕ್ಕೆ ಬಗ್ಗಿದರು.

"ಅಣ್ಣಾರ, ನೀವು ಬಾಲ. ನಿಮಗ ಎಲ್ಲಾ ಕಂಡಿರತದ. ಅಡಗಿಮನೀ ಆದಮ್ಯಾಲೆ ಮತ್ತ ಪಡಸಾಲಿಗೆ ತಂದ್ರೇನು?"

ಮಗ ನನ್ನ ಪಕ್ಕದಲ್ಲೇ ಕೂತು, ನಾನೇನು ಹೇಳುತ್ತೇನೆಂದು ನಗುತ್ತ ನೋಡುತ್ತಿದ್ದ. ಆ ನಗುವಿನಲ್ಲಿ ನನ್ನ ಮೇಲೆ ಪೂರ್ತಿ ನಂಬಿಕೆಯಿತ್ತು.

"ಇಲ್ಲ ಅಕ್ಕೋರೆ. ಹಿಂದಿನ ಮೆಟ್ಟಿಲಿಂದಲೇ ಹೊರಗೆ ಬಿಟ್ಟರು" ಎಂದೆ.

ಅಕ್ಕೋರು ಮತ್ತೆ ಹಿಂದಕ್ಕೆ ಒರಗಿದರು. ಮಗ ತೊಡೆ ತಟ್ಟಿ, "ನೋಡಮ್ಮಾ, ನೀನು ಸೋತೆ" ಎಂದ. ನನಗೆ ವಿವರಿಸಿದ. ಅಮ್ಮ ಹಟ ಹಿಡಿದಿದ್ದಾರೆ ಅಂಕಲ್, ವಾಡೆಯ ದಾರಿ ಅವರು ಹೇಳಿದ ಹಾಗೇ ಇದ್ದರೆ ರಿಚರ್ಡ್‌ಸನ್ನಿಗೆ ವಾಪಸ್ ಕಳಿಸಬೇಕು, ಕಾರು ಓಡಿಸಲು ಬಿಡಬೇಕು, ಇಲ್ಲದಿದ್ದರೆ ತಾವೇ ಕೀ ಕೊಟ್ಟುಬಿಡುವುದಾಗಿ ಹೇಳಿದ್ದರು, ನಿಮ್ಮನ್ನೇ ಕಾಯುತ್ತಿದ್ದರು ಎಂದ.

ಅಕ್ಕೋರು ಪಕ್ಕದಲ್ಲಿದ್ದ ಕೈಚೀಲ ತೆಗೆದು ಕಾರಿನ ಕೀಯನ್ನು ಟೀಪಾಯಿಯ ಮೇಲೆ ಇಟ್ಟರು. "ತಗೋಪಾ" ಎಂದರು ಮಗನಿಗೆ. ನನಗೆ, "ಛಲೋ ಆತು ಅಣ್ಣಾರ, ನೀವು ಹೇಳಿದ್ದು. ನನಗ ಆ ಹುಡುಗಿ ಹೇಳಿದ್ದು ಛಲೋತ್ನಂಗ ನೆನಪದ ನೋಡ್ರಿ. ಅದೂ ನನ್ನ ತಲ್ಯಾಗಿಂದ ಇರಬೇಕು ಹಂಗಾರ" ಎಂದರು.

ಆಗಲೂ ಹೇಳಬಹುದಿತ್ತು. ಕೀ ಇನ್ನೂ ಟೀಪಾಯಿಯ ಮೇಲಿತ್ತು. ಮಗ ಅದನ್ನೆತ್ತಿ ಜೇಬಿಗೆ ಹಾಕಿಕೊಳ್ಳುವವರೆಗೂ ನಾನು ನೋಡುತ್ತ ಕೂತೆ. ಆಮೇಲೆ ಊಟಕ್ಕೆ ಕರೆದರು. ವಾಪಸು ಬರುವಾಗ ಕಾರಿನಲ್ಲಿ ಹೆಂಡತಿ, ಹೇಳಿದಿರಾ ಎಂದು ಕೇಳಿದಳು. ಹೇಳಿದೆ ಎಂದೆ. ನಕ್ಕರಾ ಎಂದಳು. ಹೂಂ, ನಕ್ಕರು ಎಂದೆ.

ಅಕ್ಕೋರು ಮತ್ತೆ ರಿಚರ್ಡ್‌ಸನ್ನಿಗೆ ಬಂದು ನೆಲೆಸಲಿಲ್ಲ. ಕಾರು ಮಾರಿದರು. ಬಳಗದವರು ಫೋನ್ ಮಾಡಿ ಮುಂದಿನ ಪ್ರವಾಸಕ್ಕೆ ಸಲಹೆ ಕೇಳಿದರೆ, ನನ್ನ ಮಾತು ಹಿಡಿದು ಹೋಗಬೇಡಿ ಎನ್ನುತ್ತಿದ್ದರಂತೆ. ಒಂದು ಸಲ ಅವರು ಮಗಳ ಮನೆಗೆ ಬಂದಿದ್ದಾಗ ನೋಡಲು ಹೋಗಿದ್ದೆ. ಮನೆಗೆ ಹೊಸದಾಗಿ ಕಟ್ಟಿಸಿದ ಹಿಂದಿನ ಕೋಣೆ ತೋರಿಸಲು ಅಕ್ಕೋರೇ ಎದ್ದರು. ನಮಗೆ ಬೆನ್ನು ಮಾಡಿಕೊಂಡು, ಗೋಡೆ ಹಿಡಿದು, ನೋಡಿ ನೋಡಿ ಕಾಲಿಡುತ್ತ ನಡೆದರು.

ಅವರು ಹೃದಯದ ತೊಂದರೆಯಿಂದ ಹೋದರು, ನಿದ್ದೆಯಲ್ಲಿ. ಲೈಬ್ರರಿಯ ಕೋಣೆಯಲ್ಲಿ ಬಳಗದವರು ಸೇರಿ ನೆನೆದರು. ನನಗೂ ಎರಡು ಮಾತಾಡಲು ಹೇಳಿದರು. ಫರ್ನಿಚರ್ ಅಂಗಡಿಯ ತಾಲೀಮಿನ ಬಗ್ಗೆ ಹೇಳಿದೆ, ಎಲ್ಲರೂ ನಕ್ಕರು, ಕೆಲವರು ಕಣ್ಣೊರೆಸಿಕೊಂಡರು. ಉಳಿದದ್ದು ಅಲ್ಲಿ ಬಾಯಿಗೆ ಬರಲಿಲ್ಲ. ಸಭೆ ಮುಗಿದ ಮೇಲೆ ಹೆಂಡತಿಯನ್ನು ನಮ್ಮ ಕಾರಿನಲ್ಲಿ ಕೂರಿಸಿ, ಹೊರಟಿದ್ದ ಮಗಳನ್ನು ಪಾರ್ಕಿಂಗಿನಲ್ಲಿ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಹಲಗೆ ಹೊಡೆದ ಮೆಟ್ಟಿಲು, ಶೂ, ವುಡ್‌ಲ್ಯಾಂಡ್ಸ್‌ನಲ್ಲಿ ನಾನು ಕೊಟ್ಟ ಉತ್ತರ. ಅವಳು ತನ್ನ ಕಾರಿಗೆ ಒರಗಿ ಕೇಳಿದಳು.

"ಡಾಕ್ಟರ್ ಟೆಸ್ಟ್ ಮಾಡಿದ್ರು ಅಂಕಲ್, ಆಮೇಲೆ. ವಯಸ್ಸಿಗೆ ನಾರ್ಮಲ್ ಅಂದ್ರು. ನಾವು, ಅವತ್ತೊಂದು ದಿನ ಚೆನ್ನಾಗಿದ್ರು ಅಷ್ಟೇ ಅಂದ್ಕೊಂಡ್ವಿ."

ಕ್ಷಮಿಸು ಎಂದು ಕೇಳಲು ಬಾಯಿ ತೆರೆದಿದ್ದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ.

"ಅಮ್ಮ ದಿನಾ ಫೋನ್ ಮಾಡ್ತಿದ್ರು. ಮಾತಿನ ಮಧ್ಯೆ, ಇದನ್ನ ನಿನ್ನೆಯೂ ಹೇಳಿದ್ನೇನು ಅಂತ ಕೇಳೋರು. ನಾನು ಹೂಂ ಅಮ್ಮಾ, ನೀನು ಹೇಳಿದ್ದೆ ಅಂತಿದ್ದೆ. ಎಷ್ಟೋ ಸಲ ಅವರು ಹೇಳಿರ್ತಿರಲಿಲ್ಲ ಅಂಕಲ್. ಮೀಟಿಂಗ್ ಇರೋದು. ಅಮ್ಮ ಬೇಗ ಫೋನ್ ಇಟ್ಬಿಡ್ಲಿ ಅಂತ."

ಅವಳು ಬಾಗಿಲು ತೆಗೆದು ಸೀಟಿನಲ್ಲಿ ಕೂತಳು, ಗಾಡಿ ಸ್ಟಾರ್ಟ್ ಮಾಡಲಿಲ್ಲ. ನಾನು ಹೊರಗೆ ನಿಂತಿದ್ದೆ. ಬಳಗದವರು ಒಬ್ಬೊಬ್ಬರಾಗಿ ಕೈಬೀಸಿ ಹೊರಟರು. ನಿನ್ನ ಅಣ್ಣನಿಗೂ ನಾನೇ ಹೋಗಿ ಹೇಳುತ್ತೇನಮ್ಮ ಎಂದೆ. ಅವಳು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡಳು.

"ಬೇಡ ಅಂಕಲ್" ಎಂದಳು. "ಅಮ್ಮ ತಾವಾಗೇ ಕೊಟ್ಟಿದ್ದು ಅಂತ, ಕಾರು ಮಾರಿದ್ಮೇಲೂ ಅವನು ಆ ಕೀ ಇನ್ನೂ ಇಟ್ಕೊಂಡಿದ್ದಾನೆ."